ಹಂಪ್ಟಾ ಪಾಸ್ ದಾಟಿದ ಮೇಲೆ: ಕೊನೆಯ ಮೂರು ದಿನ ಕೆಡದಂತೆ ನೋಡಿಕೊಳ್ಳುವುದು ಹೇಗೆ

ಹಿಮಾಲಯದ ಚಾರಣಕ್ಕೆ ಹೊರಡುವ ಗೆಳೆಯರ ಗುಂಪು ತಿಂಗಳುಗಟ್ಟಲೆ ಚರ್ಚೆ ಮಾಡುವುದು ಹತ್ತುವುದರ ಬಗ್ಗೆ. ಇಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಪಾಸ್ ಅಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ; ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡ ಹೊತ್ತಿಗೆ ಮನಸ್ಸು ಆಗಲೇ ಮನಾಲಿಯ ಬಿಸಿನೀರಿನ ಸ್ನಾನಕ್ಕೆ ಹೋಗಿ ಕೂತಿರುತ್ತದೆ. ಕಾಲು ಮಾತ್ರ ಇನ್ನೂ 4,270 ಮೀಟರ್ ಎತ್ತರದಲ್ಲೇ ಇರುತ್ತದೆ. ಮೊಣಕಾಲು ಹಿಡಿದುಕೊಳ್ಳುವುದು, ಹೊಳೆಯಲ್ಲಿ ಜಾರುವುದು, ಗ್ಯಾಸ್ ಮುಗಿಯುವುದು, ಲೆಕ್ಕದ ವಿಷಯಕ್ಕೆ ಮುಖ ಊದಿಸಿಕೊಳ್ಳುವುದು, ಇವೆಲ್ಲ ಬಹುಪಾಲು ಆಮೇಲಿನವು.

ಹಿಮಾಚಲದ ಹಂಪ್ಟಾ ದಾರಿಯ ಲೆಕ್ಕ ಸಾಮಾನ್ಯವಾಗಿ ಹೀಗೆ: ಮನಾಲಿಯಿಂದ ಗಾಡಿಯಲ್ಲಿ ಜೋಬ್ರಾ, ಅಲ್ಲಿಂದ ನಡೆದು ಚಿಕಾ, ಮರುದಿನ ಬಾಲೂ ಕಾ ಘೇರಾ. ಮೂರನೇ ದಿನ ಪಾಸ್ ದಾಟಿ ಶಿಯಾ ಗೋರು. ನಾಲ್ಕನೇ ದಿನ ಛತ್ರುಗೆ ಇಳಿದು, ಮನಸ್ಸಿದ್ದವರು ಗಾಡಿಯಲ್ಲಿ ಚಂದ್ರತಾಲ್ ಸರೋವರಕ್ಕೆ. ಐದನೇ ದಿನ ಮನಾಲಿ. ಇಲ್ಲಿ ಹೇಳುವುದು ಮೂರನೇ ದಿನದಿಂದ ಮುಂದಿನ ಮಾತು. ನಾಲ್ಕೈದು ಜನ ಗೆಳೆಯರು, ಒಬ್ಬ ಸ್ಥಳೀಯ ಗೈಡ್, ಸಾಮಾನು ಹೊರಲು ಎರಡು ಕುದುರೆ, ಅಡುಗೆ ನಮ್ಮದೇ ಅಂತ ಇಟ್ಟುಕೊಂಡು ಬರೆದಿದೆ. ಕಂಪನಿಯ ಪ್ಯಾಕೇಜ್‌ನಲ್ಲಿ ಹೋಗುವವರಿಗೆ ಅಡುಗೆಯ ಭಾಗ ಬೇಡ, ಉಳಿದದ್ದೆಲ್ಲ ಬೇಕು.

ಬಾಲೂ ಕಾ ಘೇರಾದ ಸಂಜೆ: ಎಣಿಕೆ

ಪಾಸ್ ದಾಟಿದ ಮೇಲೆ ವಾಪಸ್ ಬಂದು ಏನನ್ನೂ ತರಲಾಗುವುದಿಲ್ಲ. ಛತ್ರುವಿನ ಢಾಬಾ ಸಿಗುವವರೆಗೆ ಅಂಗಡಿ ಅಂತ ಒಂದೂ ಇಲ್ಲ. ಹಾಗಾಗಿ ಎಣಿಕೆ ಇಲ್ಲೇ, ಕತ್ತಲಾಗುವ ಮುಂಚೆಯೇ ಆಗಬೇಕು. ಒಂದು ಶೀಟ್ ಹಾಸಿ ಉಳಿದ ಅಡುಗೆ ಸಾಮಾನನ್ನೆಲ್ಲ ಅದರ ಮೇಲೆ ಸುರಿಯಿರಿ. ಬ್ಯಾಗಿನೊಳಗೆ ಕೈಯಾಡಿಸಿ "ಇದೆ ಬಿಡು ಮಗಾ" ಅನ್ನುವವನ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲು ಗ್ಯಾಸ್. ನಾಲ್ಕು ಜನಕ್ಕೆ ಬೆಳಗಿನ ಚಹಾ, ತಿಂಡಿ, ರಾತ್ರಿಯ ಸೂಪು, ಊಟ ಸೇರಿ ದಿನಕ್ಕೆ ಸುಮಾರು 6 ಲೀಟರ್ ನೀರು ಕಾಯಿಸಬೇಕಾಗುತ್ತದೆ. ಲೀಟರಿಗೆ 15 ಗ್ರಾಂ ಗ್ಯಾಸ್ ಅಂದುಕೊಂಡರೆ 90 ಗ್ರಾಂ. ಗಾಳಿಗೆ ಹೋಗುವುದನ್ನು ಸೇರಿಸಿ 110 ಅಂತ ಇಟ್ಟುಕೊಳ್ಳಿ. ಅಂದರೆ 230 ಗ್ರಾಮಿನ ಒಂದು ಡಬ್ಬಿ ಎರಡು ದಿನಕ್ಕೆ ಸರಿಹೋಗುತ್ತದೆ, ಮಿಗುವುದು ಹತ್ತೇ ಗ್ರಾಂ. ಬಳಸಿದ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಅಲ್ಲಾಡಿಸಿ ನೋಡಿದರೆ ತಿಳಿಯದು. ಸಾಮಾನು ತೂಗುವ ಕೊಕ್ಕೆ ತಕ್ಕಡಿಯೂ ಇಷ್ಟು ಸಣ್ಣ ತೂಕಕ್ಕೆ ನಂಬಿಕೆಯದಲ್ಲ. ನೀರು ತುಂಬಿದ ಪಾತ್ರೆಯಲ್ಲಿ ತುಂಬಿದ ಡಬ್ಬಿ ಮತ್ತು ಬಳಸಿದ ಡಬ್ಬಿ ಎರಡನ್ನೂ ತೇಲಿಬಿಡಿ. ಬಳಸಿದ್ದು ಎಷ್ಟು ಮೇಲೆ ತೇಲುತ್ತದೋ ಅಷ್ಟು ಖಾಲಿ. ಪೂರ್ತಿ ಖಾಲಿಯಾದ ಡಬ್ಬಿ ಒಂದಿದ್ದರೆ ಅದನ್ನೂ ಪಕ್ಕದಲ್ಲಿ ಬಿಡಿ, ಮೂರರ ನಡುವೆ ಅಂದಾಜು ಚೆನ್ನಾಗಿ ಸಿಗುತ್ತದೆ.

ಅರ್ಧ ಮುಗಿದ ಡಬ್ಬಿ ಚಳಿಯ ಬೆಳಿಗ್ಗೆ ಕೈಕೊಡುವುದಕ್ಕೆ ಕಾರಣವಿದೆ. ಒಳಗಿರುವುದು ಮಿಶ್ರ ಅನಿಲ. ಪ್ರೊಪೇನ್ ಇಲ್ಲಿನ ಎಂಥ ಚಳಿಯಲ್ಲೂ ಆವಿಯಾಗುತ್ತದೆ, ಹಾಗಾಗಿ ಮೊದಲು ಅದೇ ಹೆಚ್ಚು ಖರ್ಚಾಗುತ್ತದೆ. ಕೊನೆಗೆ ಉಳಿಯುವುದು ಬ್ಯೂಟೇನ್. ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮೇಲೇಳಲು ಒಲ್ಲೆ ಅನ್ನುತ್ತದೆ. ಡಬ್ಬಿಯಲ್ಲಿ ಗ್ಯಾಸ್ ಇದ್ದರೂ ಉರಿ ದೀಪದ ಕುಡಿಯಷ್ಟಾಗುವುದು ಇದಕ್ಕೇ. ರಾತ್ರಿ ಸ್ಟೌವಿನಿಂದ ಬಿಡಿಸಿ, ಕಾಲುಚೀಲದೊಳಗೆ ಹಾಕಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲ ಬಳಿ ಇಟ್ಟುಕೊಂಡು ಮಲಗಿ. ಡಬ್ಬಿಯನ್ನು ಇನ್ನೊಂದು ಸ್ಟೌವಿನ ಉರಿಗೆ ಹಿಡಿದು ಬೆಚ್ಚಗೆ ಮಾಡುವ ಸಾಹಸ ಬೇಡವೇ ಬೇಡ.

ಅಡುಗೆಯ ವಿಷಯದಲ್ಲಿ ಒಂದು ಮಾತು: 3,900 ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವುದಿಲ್ಲ, ಅನ್ನ ಹೊರಗೆ ಮುದ್ದೆ ಒಳಗೆ ಕಾಳು. ಅಕ್ಕಿ ಬೇಳೆ ಉಳಿದಿದ್ದರೆ ಇವತ್ತೇ ಮುಗಿಸಿ. ಮುಂದಕ್ಕೆ ಒಯ್ಯುವುದು ಬಿಸಿನೀರಿಗೇ ಮೆತ್ತಗಾಗುವಂಥದ್ದು: ಅವಲಕ್ಕಿ, ಹುರಿದ ಶಾವಿಗೆ, ಹುರಿದಿಟ್ಟ ಉಪ್ಪಿಟ್ಟಿನ ರವೆ, ನೂಡಲ್ಸ್. ಅವಲಕ್ಕಿಯಷ್ಟು ಸರಿಯಾದ ವಸ್ತು ಇನ್ನೊಂದಿಲ್ಲ. ತಲೆಗೆ 75 ಗ್ರಾಂ ಮಧ್ಯಮ ಅವಲಕ್ಕಿ, ಮೇಲೆ ಎರಡು ಚಮಚ ಪುಳಿಯೋಗರೆ ಗೊಜ್ಜು, ಮುಳುಗುವಷ್ಟು ಬಿಸಿನೀರು, ಮುಚ್ಚಿ ಹತ್ತು ನಿಮಿಷ. ಗ್ಯಾಸ್ ಪೂರ್ತಿ ಕೈಕೊಟ್ಟರೂ ತಣ್ಣೀರಿನಲ್ಲಿ ನೆನೆದೀತು. ಎಲ್ಲ ಎಣಿಸಿದ ಮೇಲೆ ತಲೆಗೆ ಒಂದು ಹೊತ್ತಿನ ಊಟ ಹೆಚ್ಚಿಗೆ ಇರಲೇಬೇಕು. ಅದನ್ನು ಬೇರೆ ಚೀಲದಲ್ಲಿ ಕಟ್ಟಿ, ಗುಂಪಿನಲ್ಲಿ ಹೊಟ್ಟೆ ಸ್ವಲ್ಪ ಹಿಡಿತದಲ್ಲಿರುವವರ ಕೈಗೆ ಕೊಡಿ. ಕುದುರೆ ಮೇಲೆ ಹಾಕಬೇಡಿ. ಕುದುರೆಗಳು ಒಂದು ಕಡೆ, ನೀವು ಇನ್ನೊಂದು ಕಡೆ ಆಗುವ ದಿನ ಬೇಕಾಗುವ ಊಟ ಅದು.

ಮಲಗುವ ಮುಂಚೆ ಕಾಲುಗುರು ಕತ್ತರಿಸಿ, ನೇರಕ್ಕೆ, ಚರ್ಮದ ಮಟ್ಟಕ್ಕೆ. ನಾಳೆ ಇಳಿಯುವಾಗ ಹೆಬ್ಬೆರಳು ಬೂಟಿನ ತುದಿಗೆ ಸಾವಿರ ಸಲ ಬಡಿಯುತ್ತದೆ. ಉದ್ದ ಉಗುರಿದ್ದರೆ ಅದು ಕಪ್ಪಾಗಿ ತಿಂಗಳೊಳಗೆ ಬಿದ್ದುಹೋಗುತ್ತದೆ. ಗುಂಪಿಗೆಲ್ಲ ಒಂದು ನೇಲ್ ಕಟರ್ ಸಾಕು.

ಇಳಿಜಾರು

ಬೆಳಿಗ್ಗೆ ಐದೂವರೆಗೆ ಹೊರಡಬೇಕು. ಏಳಕ್ಕೆ ಹೊರಟರೆ ಏನಾಗುತ್ತದೆ ಅಂತ ಕೇಳುವವರಿಗೆ: ಪಾಸ್ ತಲುಪಲು ನಾಲ್ಕೈದು ಗಂಟೆ, ಶಿಯಾ ಗೋರುವಿಗೆ ಇಳಿಯಲು ಎರಡು ಮೂರು ಗಂಟೆ. ಜೂನ್ ತಿಂಗಳಲ್ಲಿ ಹಿಮ ಬೆಳಿಗ್ಗೆ ಗಟ್ಟಿಯಿರುತ್ತದೆ, ಮಧ್ಯಾಹ್ನಕ್ಕೆ ಮೊಣಕಾಲುದ್ದ ಹೂತುಹೋಗುವಷ್ಟು ಮೆತ್ತಗಾಗುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಹಿಮ ಕಡಿಮೆ, ಬದಲಿಗೆ ಸಡಿಲ ಕಲ್ಲು. ಎರಡೂ ಕಾಲದಲ್ಲಿ ಮೋಡ ಕವಿಯುವುದು ಮಧ್ಯಾಹ್ನದ ಮೇಲೆಯೇ ಹೆಚ್ಚು. ಪಾಸ್ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ಬುತ್ತಿ ಅಲ್ಲೇ ಬಿಚ್ಚಿ: ಚಪಾತಿ, ಶೇಂಗಾ ಚಟ್ನಿಪುಡಿ, ಖರ್ಜೂರ, ಚಿಕ್ಕಿ. ಇಳಿಯುವ ಮುಂಚೆ ತಿನ್ನದಿದ್ದರೆ ಇಳಿಯುವಾಗ ಕಾಲು ನಡುಗುತ್ತದೆ, ಎಡವುವುದು ಆಗಲೇ.

ಪಾಸಿನ ಈಚೆ ಕುಲ್ಲು ಕಣಿವೆ, ಹಸಿರು, ಮಳೆ. ಆಚೆ ಲಾಹೌಲ್, ಮಳೆ ನೆರಳಿನ ನಾಡು, ಕಂದು ಬಂಡೆ, ಬೂದು ಜಲ್ಲಿ. ನೋಡಲು ಅದ್ಭುತ. ಕಾಲಿಗೆ ಮಾತ್ರ ಹುಲ್ಲಿನ ಹಿಡಿತ ತಪ್ಪಿ ಜಲ್ಲಿಯ ಜಾರು ಶುರುವಾಗುತ್ತದೆ. ಮೊದಲ ಒಂದು ಗಂಟೆಯ ಇಳಿಜಾರೇ ಇಡೀ ಚಾರಣದಲ್ಲಿ ಕಡಿದಾದದ್ದು.

ಬೂಟಿನ ದಾರವನ್ನು ಇಲ್ಲಿ ಮತ್ತೆ ಕಟ್ಟಬೇಕು. ಹತ್ತುವಾಗ ಕಟ್ಟಿದ ಹಾಗೆ ಬಿಟ್ಟರೆ ಹಿಮ್ಮಡಿ ಮುಂದಕ್ಕೆ ಸರಿದು ಬೆರಳು ತುದಿಗೆ ಒತ್ತುತ್ತದೆ. ಕೂತು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಪಾದವನ್ನು ಹಿಂದಕ್ಕೆ ಕೂರಿಸಿ. ಬೆರಳುಗಳ ಕಡೆಯ ದಾರ ಸಡಿಲವಾಗಿಯೇ ಇರಲಿ, ಪಾದ ಮಡಚುವಲ್ಲಿ ಬಿಗಿ ಮಾಡಿ. ಮೇಲಿನ ಕೊನೆಯ ಎರಡು ತೂತುಗಳಲ್ಲಿ ದಾರವನ್ನು ಅಡ್ಡ ದಾಟಿಸದೆ ಅದೇ ಪಕ್ಕದಲ್ಲಿ ಕೆಳಗಿನ ತೂತಿನಿಂದ ಮೇಲಿನ ತೂತಿಗೆ ಹಾಕಿ. ಎರಡೂ ಪಕ್ಕದಲ್ಲಿ ಒಂದೊಂದು ಚಿಕ್ಕ ಕುಣಿಕೆ ಉಳಿಯುತ್ತದೆ. ಈಗ ಎಡದ ದಾರದ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿಗೆ ಬೀಗ ಹಾಕಿದ ಹಾಗೆ. ಎದ್ದು ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು ನೋಡಿ. ಬೆರಳು ಇನ್ನೂ ತುದಿ ಮುಟ್ಟುತ್ತಿದ್ದರೆ ಮತ್ತೆ ಕೂತು ಕಟ್ಟಿ. ಎಲ್ಲರೂ ಕಾಯುತ್ತಾರಲ್ಲ ಅಂತ ಸಂಕೋಚ ಬೇಡ.

ಕೋಲನ್ನು ಹತ್ತುವಾಗಿನ ಅಳತೆಗಿಂತ 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಕೋಲು ಮೊದಲು ಕೆಳಗೆ, ಆಮೇಲೆ ಕಾಲು. ಹೆಜ್ಜೆ ಚಿಕ್ಕದು, ಮೊಣಕಾಲು ಸ್ವಲ್ಪ ಬಾಗಿಯೇ ಇರಲಿ. ಕಾಲು ನೇರ ಚಾಚಿ ಧಡ್ ಅಂತ ಊರಿದರೆ ಪ್ರತಿ ಹೆಜ್ಜೆಯ ಪೆಟ್ಟು ಮೊಣಕಾಲಿಗೇ. ಜಲ್ಲಿಯಲ್ಲಿ ನೇರ ಇಳಿಯದೆ ಅಡ್ಡಡ್ಡ ಹಾವಿನ ಹಾಗೆ ಇಳಿಯಿರಿ. ಮೆತ್ತಗಿನ ಹಿಮದಲ್ಲಿ ಹಿಮ್ಮಡಿ ಊರಿ ಇಳಿಯಬೇಕು, ಹಿಂದಕ್ಕೆ ವಾಲಬಾರದು. ಹೆದರಿ ಹಿಂದಕ್ಕೆ ವಾಲಿದವರೇ ಜಾರುವುದು, ಭಾರ ಪಾದದ ಮೇಲಿಂದ ತಪ್ಪುವುದರಿಂದ. ಗಟ್ಟಿ ಹಿಮವಿದ್ದರೆ ಬೂಟಿಗೆ ಮುಳ್ಳು ಸರಪಳಿ (ಮೈಕ್ರೋಸ್ಪೈಕ್) ಹಾಕಿಕೊಳ್ಳಿ. ಕೂತು ಜಾರಿಕೊಂಡು ಹೋಗುವ ಆಟ ಆಡುವುದಾದರೆ ಕೆಳಗೆ ಕಲ್ಲಿಲ್ಲದ ಬಯಲು ಕಣ್ಣಿಗೆ ಕಾಣುತ್ತಿರಬೇಕು, ಗೈಡ್ ಹೂಂ ಅಂದಿರಬೇಕು, ಮುಳ್ಳು ಸರಪಳಿ ಬಿಚ್ಚಿರಬೇಕು. ಮುಳ್ಳು ಹಿಮಕ್ಕೆ ಕಚ್ಚಿಕೊಂಡರೆ ದೇಹ ಮುಂದೆ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ಕಣಕಾಲು ಮುರಿಯುತ್ತದೆ.

ಸಡಿಲ ಕಲ್ಲಿನ ಜಾಗದಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಕಲ್ಲು ಉರುಳಿದರೆ ಗಟ್ಟಿಯಾಗಿ "ಕಲ್ಲು!" ಅಂತ ಕೂಗಿ. ಪಕ್ಕದಲ್ಲಿ ಬೇರೆ ರಾಜ್ಯದ ಗುಂಪಿದ್ದರೆ "ಪತ್ಥರ್!" ಅನ್ನಿ. ಕೂಗು ಕೇಳಿದವರು ತಲೆಯೆತ್ತಿ ನೋಡದೆ ಬ್ಯಾಗನ್ನು ಮೇಲಿನ ಕಡೆಗೆ ತಿರುಗಿಸಿ ಬಗ್ಗಬೇಕು.

ಗುಂಪಿನಲ್ಲಿ ನಿಧಾನದವರು ಒಬ್ಬರಿದ್ದೇ ಇರುತ್ತಾರೆ. ಅವರನ್ನು ಗೈಡ್ ಹಿಂದೆ ಎರಡನೆಯವರಾಗಿ ಇರಿಸಿ, ಕೊನೆಗೆ ಬಿಡಬೇಡಿ. ಕೊನೆಯಲ್ಲಿರುವವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ: ಮುಂದಿನವರು ಕೂತು ಸುಧಾರಿಸಿಕೊಂಡು, ಇವರು ಏದುಸಿರು ಬಿಡುತ್ತ ಬಂದು ಮುಟ್ಟಿದ ಕ್ಷಣವೇ "ಸರಿ, ಹೊರಡೋಣ್ವಾ?" ಅಂತ ಎದ್ದು ನಿಲ್ಲುತ್ತಾರೆ.

ಶಿಯಾ ಗೋರುವಿನ ಹೊಳೆ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಿದ್ದರೆ ಇದನ್ನು ಓದಿ.

ಶಿಯಾ ಗೋರುವಿನ ಬಿಡಾರದ ಪಕ್ಕದಲ್ಲಿ ಹರಿಯುವುದು ಹಿಮನದಿ ಕರಗಿದ ನೀರು. ನಮ್ಮ ಮಲೆನಾಡಿನ ಹೊಳೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಹೊಳೆ ಏರುವುದು ಮಳೆಗೆ, ಇದು ಏರುವುದು ಬಿಸಿಲಿಗೆ. ಹಗಲೆಲ್ಲ ಮೇಲೆ ಹಿಮ ಕರಗಿ ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ ನೀರು ಜೋರಾಗುತ್ತದೆ. ರಾತ್ರಿ ಚಳಿಗೆ ಕರಗುವುದು ನಿಂತು ಬೆಳಗಿನ ಜಾವಕ್ಕೆ ಇಳಿಯುತ್ತದೆ. ಸಂಜೆ ತೊಡೆಮಟ್ಟಕ್ಕೆ ಭೋರ್ಗರೆಯುತ್ತಿದ್ದ ಜಾಗ ಬೆಳಿಗ್ಗೆ ಆರಕ್ಕೆ ಮೊಣಕಾಲ ಕೆಳಗಿರಬಹುದು. ಹಾಗಾಗಿ ಪಾಸ್ ದಾಟಿದ ದಿನ ಸಂಜೆ "ಈಗಲೇ ದಾಟಿಬಿಡೋಣ, ಬೆಳಿಗ್ಗೆ ಚಳಿ" ಅನ್ನುವವರ ಮಾತು ಕೇಳಬೇಡಿ. ಚಳಿ ಹೌದು, ನೀರು ಮುಳ್ಳಿನ ಹಾಗೆ ಚುಚ್ಚುವುದೂ ಹೌದು. ಆದರೂ ಬೆಳಿಗ್ಗೆ ಏಳರೊಳಗೇ ದಾಟಬೇಕು. ಸಂಜೆ ಒಂದು ಕೆಲಸ ಮಾಡಿ: ದಡದ ಅಂಚಿನಲ್ಲಿ ನೀರು ಮುಟ್ಟುವ ಕಡೆ ಒಂದು ಕಲ್ಲಿಟ್ಟು ಗುರುತು ಮಾಡಿ. ಬೆಳಿಗ್ಗೆ ಎಷ್ಟು ಇಳಿದಿದೆ ಅನ್ನುವುದು ಆ ಕಲ್ಲು ನೋಡಿದರೆ ಗೊತ್ತಾಗುತ್ತದೆ. ಇಳಿದಿಲ್ಲ ಅಂದರೆ ಮೇಲೆ ಮಳೆಯಾಗಿರಬಹುದು, ಕಾಯಬೇಕು.

ದಾಟುವ ಕ್ರಮ ಇದು. ಜಾಗ ಗೈಡ್ ಆರಿಸಲಿ. ಸಾಮಾನ್ಯವಾಗಿ ಹೊಳೆ ಅಗಲವಾಗಿ, ಹಲವು ಕವಲಾಗಿ ಹರಿಯುವ ಕಡೆ. ಕಿರಿದಾದ ಜಾಗ ಹತ್ತಿರದ ದಾರಿಯಂತೆ ಕಾಣುತ್ತದೆ, ಆಳ ಮತ್ತು ಸೆಳೆತ ಇರುವುದೂ ಅಲ್ಲೇ. ನೀರೊಳಗೆ ಗುಡುಗುಡು ಸದ್ದು ಕೇಳುತ್ತಿದ್ದರೆ ತಳದಲ್ಲಿ ಕಲ್ಲುಗಳು ಉರುಳುತ್ತಿವೆ ಅಂತ ತಿಳಿಯಿರಿ, ಕಾಲಿಡಬೇಡಿ. ಬೂಟು ಮತ್ತು ಕಾಲುಚೀಲ ಬಿಚ್ಚಿ ಬ್ಯಾಗಿನೊಳಗೆ ಹಾಕಿ. ಹೆಗಲಿಗೆ ತೂಗು ಹಾಕಿಕೊಂಡರೆ ಒಂದು ಬೂಟು ಚಂದ್ರಾ ನದಿಗೆ ಹೋಗುತ್ತದೆ. ಬರಿಗಾಲಲ್ಲಿ ಇಳಿಯಬೇಡಿ. ಅರ್ಧ ನಿಮಿಷದಲ್ಲಿ ಪಾದ ಜೋಮು ಹಿಡಿದು ಕಲ್ಲಿನ ಮೇಲಿದೆಯೋ ಸಂದಿಯಲ್ಲಿದೆಯೋ ಗೊತ್ತಾಗುವುದಿಲ್ಲ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಮೊದಲ ಹೆಜ್ಜೆಗೇ ತೇಲಿಹೋಗುತ್ತದೆ.

ಬ್ಯಾಗಿನ ಸೊಂಟದ ಮತ್ತು ಎದೆಯ ಪಟ್ಟಿ ಬಿಚ್ಚಿ, ಕೋಲಿನ ಮಣಿಕಟ್ಟಿನ ಕುಣಿಕೆಯಿಂದ ಕೈ ಹೊರಗೆ ತೆಗೆಯಿರಿ. ಬಿದ್ದರೆ ಬ್ಯಾಗು ನಿಮ್ಮನ್ನು ಅಡಿಗೆ ಒತ್ತಬಾರದು, ಕಳಚಿಕೊಳ್ಳುವಂತಿರಬೇಕು. ಮೂರು ನಾಲ್ಕು ಜನ ತೋಳಿಗೆ ತೋಳು ಹೆಣೆದು ಸಾಲಾಗಿ ನಿಂತು, ಎಲ್ಲರಿಗಿಂತ ಗಟ್ಟಿಮುಟ್ಟಾದವರು ನೀರು ಬರುವ ಕಡೆಯ ತುದಿಯಲ್ಲಿರಲಿ. ಅವರು ಸೆಳೆತ ಮುರಿದರೆ ಅವರ ಕೆಳಗಿನವರಿಗೆ ಹೆಜ್ಜೆ ಹಗುರ. ಒಂದು ಕಾಲು ಪೂರ್ತಿ ನೆಲೆಯಾದ ಮೇಲೆಯೇ ಇನ್ನೊಂದು ಎತ್ತುವುದು. ಕಾಲನ್ನು ದಾಟಿಸಿ ಇಡುವುದಲ್ಲ, ಸರಿಸುವುದು. ದೃಷ್ಟಿ ಆಚೆ ದಡದ ಮೇಲಿರಲಿ, ಹರಿಯುವ ನೀರು ನೋಡುತ್ತ ಹೋದರೆ ತಲೆ ಸುತ್ತುತ್ತದೆ. ಹಗ್ಗವನ್ನು ದಡದಿಂದ ದಡಕ್ಕೆ ಕಟ್ಟಿ ಕೈಯಲ್ಲಿ ಹಿಡಿಯಬಹುದು, ಅದರ ಕೆಳಬದಿಯಲ್ಲಿ ನಿಂತು. ಸೊಂಟಕ್ಕೆ ಕಟ್ಟಿಕೊಳ್ಳಬಾರದು. ಕಾಲು ತಪ್ಪಿದಾಗ ಹಗ್ಗ ಬಿಗಿಯಾಗಿ ನೀರಿನ ಒತ್ತಡ ಮನುಷ್ಯನನ್ನು ಅಡಿಯಲ್ಲೇ ಹಿಡಿದಿಡುತ್ತದೆ. ಮೊಣಕಾಲು ಮೀರಿದ ರಭಸದ ನೀರಾದರೆ ದಾಟುವ ಮಾತೇ ಇಲ್ಲ.

ಆಚೆ ದಡ ಮುಟ್ಟಿದ ಕೂಡಲೇ ಫೋಟೊ ಬೇಡ. ಒಣ ಟವೆಲ್ಲಿನಿಂದ ಬೆರಳ ಸಂದಿ ಒರೆಸಿ, ಅಂಗೈಯಿಂದ ತಿಕ್ಕಿ, ಒಣ ಕಾಲುಚೀಲ ಹಾಕಿ. ಈ ಒಂದು ಜೊತೆ ಕಾಲುಚೀಲವನ್ನು ಚಿಕಾದಿಂದಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮುಟ್ಟದೆ ಇಟ್ಟಿರಬೇಕು.

ಬಿಡಾರ ಕೀಳುವುದು

ಹೊಳೆಗೆ ಬೇಗ ಹೋಗಬೇಕಾದ್ದರಿಂದ ಶಿಯಾ ಗೋರುವಿನಲ್ಲಿ ಟೆಂಟ್ ಮಡಚುವುದು ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ. ಸಾಮಾನು ಕಳೆದುಹೋಗುವುದೂ ಮುರಿಯುವುದೂ ಇಲ್ಲೇ ಹೆಚ್ಚು. ಹೊರ ಹೊದಿಕೆಯ ಒಳಮೈಗೆ ಉಸಿರಿನ ಹಬೆ ಹಿಮಪುಡಿಯಾಗಿ ಅಂಟಿರುತ್ತದೆ. ಕೆಳಗಿಳಿಸುವ ಮುಂಚೆ ಹೊರಗಿನಿಂದ ತಟ್ಟಿ ಉದುರಿಸಿ, ಒಳ ಟೆಂಟಿನ ಜೊತೆ ಸೇರಿಸದೆ ಬೇರೆ ಚೀಲಕ್ಕೆ ತುಂಬಿ. ಟೆಂಟಿನ ಕಡ್ಡಿಗಳನ್ನು ಒಂದು ತುದಿಯಿಂದ ಮಡಚುತ್ತ ಬಂದರೆ ಒಳಗಿನ ಎಲಾಸ್ಟಿಕ್ ದಾರದ ಎಳೆತವೆಲ್ಲ ಇನ್ನೊಂದು ತುದಿಗೆ ಬಿದ್ದು ಚಳಿಗೆ ಸೆಟೆದ ದಾರ ಪಟಕ್ಕನೆ ಹರಿಯುತ್ತದೆ. ನಡುವಿನ ಗೆಣ್ಣಿನಿಂದ ಶುರು ಮಾಡಿ. ನೆಲ ಹೆಪ್ಪುಗಟ್ಟಿ ಗೂಟ ಅಲ್ಲಾಡದಿದ್ದರೆ ಹಗ್ಗ ಹಿಡಿದು ಎಳೆಯಬೇಡಿ. ಕಲ್ಲಿನಿಂದ ನಾಲ್ಕು ಕಡೆಯಿಂದ ಮೆಲ್ಲಗೆ ಬಡಿದು, ಇನ್ನೊಂದು ಗೂಟದ ಕೊಕ್ಕೆಯನ್ನು ಸಿಕ್ಕಿಸಿ ಮೇಲಕ್ಕೆತ್ತಿ. ಗೂಟ ಎಣಿಸದೆ ಚೀಲದ ಬಾಯಿ ಕಟ್ಟಬಾರದು.

ಕೊನೆಗೆ ಎಲ್ಲರೂ ಸಾಲಾಗಿ, ತೋಳಳತೆಯ ದೂರದಲ್ಲಿ ನಿಂತು, ಬಿಡಾರದ ಜಾಗವನ್ನು ಒಂದು ಸಲ ಆ ತುದಿಯಿಂದ ಈ ತುದಿಗೆ ನಡೆಯಿರಿ. ಚಾಕೊಲೇಟ್ ಹೊದಿಕೆಯ ಹರಿದ ಮೂಲೆ, ಬ್ಯಾಟರಿ, ಕೂದಲ ರಬ್ಬರ್, ಬಡ್ಸ್, ಎಲ್ಲ ಸಿಗುತ್ತದೆ. ಒದ್ದೆ ಟಿಶ್ಯೂ ಕರಗುತ್ತದೆ ಅಂದುಕೊಂಡಿರುವವರು ತುಂಬಾ ಜನ; ಅದರಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಕರಗುವುದಿಲ್ಲ, ಕೆಳಗೆ ತರಬೇಕು. ಸ್ಯಾನಿಟರಿ ಪ್ಯಾಡ್‌ಗಳಿಗೆ ಒಳಗೆ ಕಾಣದ ಜಿಪ್ ಕವರು, ಅದರೊಳಗೆ ಒಂದು ಹಿಡಿ ಒಣ ಚಹಾಪುಡಿ, ವಾಸನೆ ತಡೆಯುತ್ತದೆ. ಬಹಿರ್ದೆಸೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ, 15 ಸೆಂಟಿಮೀಟರ್ ಆಳದ ಗುಂಡಿ. ಜಲ್ಲಿ ನೆಲದಲ್ಲಿ ಅಗೆಯುವುದು ಕಷ್ಟ, ಹಾಗಂತ ಹೊಳೆದಂಡೆಯ ಮೆತ್ತಗಿನ ಮರಳಿಗೆ ಹೋಗಬೇಡಿ. ಆ ನೀರನ್ನು ಕೆಳಗೆ ಕುಡಿಯುವವರಿದ್ದಾರೆ.

ಛತ್ರು: ಚಂದ್ರತಾಲ್‌ಗೆ ಹೋಗುವುದೋ ಬೇಡವೋ

ಶಿಯಾ ಗೋರುವಿನಿಂದ ಛತ್ರು ಮೂರು ನಾಲ್ಕು ಗಂಟೆಯ ಇಳಿಕೆ. ಚಂದ್ರಾ ನದಿಯ ದಡ, ಗಾಡಿ ರಸ್ತೆ, ಬಿಸಿ ಚಹಾ. ಗುಂಪು ಒಡೆಯುವ ಜಾಗವೂ ಇದೇ. ಅರ್ಧ ಜನಕ್ಕೆ ಸಾಕಾಗಿರುತ್ತದೆ, ಇನ್ನರ್ಧಕ್ಕೆ ಇಷ್ಟು ದೂರ ಬಂದು ಸರೋವರ ನೋಡದೆ ಹೋಗುವುದೇ ಅನ್ನುವ ಹಟ.

ನಿರ್ಧಾರ ಮಾಡಬೇಕಾದದ್ದು ಆಸೆಯ ಮೇಲಲ್ಲ, ಮೈ ಮೇಲೆ. ಛತ್ರು ಸುಮಾರು 3,300 ಮೀಟರ್, ಚಂದ್ರತಾಲ್ ಸುಮಾರು 4,250. ಶಿಯಾ ಗೋರುವಿಗಿಂತಲೂ ಎತ್ತರದಲ್ಲಿ ರಾತ್ರಿ ಮಲಗಬೇಕು, ಅದೂ ಗಾಡಿಯಲ್ಲಿ ಕೂತು ಕೆಲವೇ ಗಂಟೆಯಲ್ಲಿ ಏರಿ. ಪಾಸ್ ದಾಟುವಾಗ ತಲೆನೋವಿದ್ದು ಛತ್ರುವಿನಲ್ಲಿ ಪೂರ್ತಿ ಹೋಗಿದ್ದರೆ ಸರಿ. ತಲೆನೋವು ಉಳಿದಿದ್ದು ವಾಕರಿಕೆಯೋ ವಾಂತಿಯೋ ಇದ್ದರೆ ಅವರು ಮನಾಲಿಗೆ, ಜೊತೆಗೆ ಒಬ್ಬರು. ಅನುಮಾನವಿದ್ದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ವಾಲಿದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಚರ್ಚೆಗೆ ಅವಕಾಶವಿಲ್ಲ. ಆ ಕ್ಷಣವೇ ಕೆಳಗೆ, ಆಸ್ಪತ್ರೆಗೆ. ನೋವಿನ ಮಾತ್ರೆ ನುಂಗಿಸಿ ಮೇಲಕ್ಕೆ ಕರೆದೊಯ್ಯುವುದು ಸ್ನೇಹವಲ್ಲ.

ಹೋಗುವವರಿಗೆ ಎರಡು ವಿಷಯ. ಛತ್ರುವಿನಿಂದ ಬಾತಲ್ ಮಾರ್ಗವಾಗಿ ಹೋಗುವ ರಸ್ತೆ ಹೆಸರಿಗೆ ರಸ್ತೆ. ನಡುವೆ ತೊರೆಗಳು ಅಡ್ಡ ಹರಿಯುತ್ತವೆ, ಅವೂ ಹಿಮ ಕರಗಿದ ನೀರೇ, ಮಧ್ಯಾಹ್ನಕ್ಕೆ ಏರುತ್ತವೆ. ಹೊರಡುವುದು ಆದಷ್ಟು ಬೇಗ ಇರಲಿ. ಮರುದಿನದ ವಾಪಸ್ ಪ್ರಯಾಣವಂತೂ ಬೆಳಿಗ್ಗೆ ಆರೂವರೆಗೇ. ಇನ್ನೊಂದು, ಚಂದ್ರತಾಲ್ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿರುವ ಸಂರಕ್ಷಿತ ಸರೋವರ, ದಡದಲ್ಲಿ ಟೆಂಟ್ ಹಾಕುವಂತಿಲ್ಲ. ಬಿಡಾರಗಳೆಲ್ಲ ಎರಡು ಮೂರು ಕಿಲೋಮೀಟರ್ ಹಿಂದೆಯೇ ಇವೆ. ಅಲ್ಲಿ ಊಟ ಸಿಗುವ ಟೆಂಟು ಹಿಡಿದರೆ ನಿಮ್ಮ ಗ್ಯಾಸಿನ ಲೆಕ್ಕ ಅರ್ಧಕ್ಕಿಳಿಯುತ್ತದೆ.

ಛತ್ರುವಿನಲ್ಲಿ ಫೋನ್ ಸಿಗುತ್ತದೆ ಅಂತ ನಂಬಿಕೊಂಡು ಗಾಡಿ ಮಾತಾಡದೆ ಬರಬೇಡಿ. ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಬರುವುದು ತಡವಾದರೆ ಎಷ್ಟು ಹೊತ್ತು ಕಾಯಬೇಕು, ಮನಾಲಿಗೆ ಮಾತ್ರ ಹೋದರೆ ಎಷ್ಟು, ಚಂದ್ರತಾಲ್ ಸೇರಿದರೆ ಎಷ್ಟು, ಇಷ್ಟನ್ನೂ ಹೊರಡುವ ಮುಂಚೆ ಮನಾಲಿಯಲ್ಲೇ ಮಾತಾಡಿ ಡ್ರೈವರ್‌ಗೆ ಮೆಸೇಜಿನಲ್ಲಿ ಕಳಿಸಿ.

ಕಾಲಿನ ಬೊಬ್ಬೆಗಳನ್ನು ನೋಡಿಕೊಳ್ಳುವುದಕ್ಕೂ ಛತ್ರು ಒಳ್ಳೆಯ ಜಾಗ. ಚಿಕ್ಕದಾಗಿದ್ದು ನೋವಿಲ್ಲದಿದ್ದರೆ ಮುಟ್ಟಬೇಡಿ, ಮೈಕ್ರೋಪೋರ್ ಟೇಪು ಸಾಕು. ನೀರು ತುಂಬಿ ಬಿಗಿದಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಬುಡದಲ್ಲಿ ಎರಡು ಕಡೆ ಚುಚ್ಚಿ, ಒತ್ತಿ ನೀರು ತೆಗೆದು, ಮೇಲಿನ ಚರ್ಮ ಹಾಗೇ ಬಿಡಿ. ಅದನ್ನು ಕಿತ್ತು ಹಾಕಿದರೆ ಕೆಳಗಿನ ಹಸಿ ಮಾಂಸಕ್ಕೆ ಬೂಟಿನ ಕೊಳೆ ತಾಗಿ ಕೀವಾಗುತ್ತದೆ.

ಮನಾಲಿ: ಲೆಕ್ಕ, ಬಾಡಿಗೆ ಸಾಮಾನು, ಪ್ರಯಾಣ

ಗ್ರಾಂಫು, ಕೋಕ್ಸರ್ ದಾಟಿ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಹೊಕ್ಕು ಹೊರಬಿದ್ದರೆ ಮತ್ತೆ ದೇವದಾರು, ಮತ್ತೆ ಮಳೆ. 2020ರ ಅಕ್ಟೋಬರಿನಲ್ಲಿ ಈ ಸುರಂಗ ತೆರೆಯುವ ಮುಂಚೆ ರೋಹ್ತಂಗ್ ಪಾಸ್ ಹತ್ತಿ ಇಳಿಯಬೇಕಿತ್ತು. ಹಳೆಯ ಬರಹಗಳಲ್ಲಿರುವ ಪ್ರಯಾಣದ ಸಮಯವನ್ನು ಈಗ ಲೆಕ್ಕಕ್ಕೆ ಹಿಡಿಯಬೇಡಿ.

ಕುದುರೆಯವರಿಗೂ ಗೈಡ್‌ಗೂ ಕೊಡುವ ಭಕ್ಷೀಸನ್ನು ನೋಟುಗಳಲ್ಲಿ, ಬೇರೆ ಬೇರೆ ಲಕೋಟೆಯಲ್ಲಿ, ಅವರವರ ಕೈಗೇ ಕೊಡಿ. ಎಲ್ಲರದ್ದೂ ಸೇರಿಸಿ ಒಬ್ಬರಿಗೆ ಕೊಟ್ಟರೆ ಹಂಚಿಕೆ ಹೇಗಾಗುತ್ತದೋ ಹೇಳಲಾಗದು. ಕುದುರೆಯವರು ಹಲವು ಸಲ ಛತ್ರುವಿನಿಂದಲೇ ವಾಪಸ್ ಹೊರಡುತ್ತಾರೆ. ಹಾಗಾಗಿ ನಗದು ಚಿಕಾದಿಂದಲೇ ಜೊತೆಯಲ್ಲಿರಬೇಕು, ಅಲ್ಲಿ ಯುಪಿಐ ಆಟ ನಡೆಯದು.

ಗೆಳೆಯರ ನಡುವಿನ ಲೆಕ್ಕ ಮನಾಲಿಯ ಕೊನೆಯ ರಾತ್ರಿ, ಊಟಕ್ಕೆ ಮುಂಚೆ ಮುಗಿಯಲಿ. "ಊರಿಗೆ ಹೋಗಿ ನೋಡ್ಕೊಳ್ಳೋಣ ಬಿಡು ಗುರು" ಅಂದ ಲೆಕ್ಕ ದೀಪಾವಳಿಯವರೆಗೂ ಹೋಗುತ್ತದೆ. ನಿಯಮ ಮೂರೇ: ಎಲ್ಲರೂ ಬಳಸಿದ್ದು ಸಮಪಾಲು, ಚಂದ್ರತಾಲ್‌ಗೆ ಹೋಗದವರು ಛತ್ರುವಿನಿಂದ ಮನಾಲಿಯ ಗಾಡಿಗೆ ಮಾತ್ರ ಪಾಲು ಕೊಡುವುದು, ಕಾಯಿಲೆ ಬಿದ್ದವರನ್ನು ಕೆಳಗಿಳಿಸಿದ ಖರ್ಚು ಇಡೀ ಗುಂಪಿನದ್ದು. ಈ ಮೂರನೆಯದನ್ನು ಬೆಂಗಳೂರು ಬಿಡುವ ಮುಂಚೆಯೇ ಒಪ್ಪಿಕೊಂಡಿದ್ದರೆ ಮೇಲೆ ತಲೆನೋವು ಬಂದವರು ಮುಚ್ಚಿಡುವುದಿಲ್ಲ.

ಬಾಡಿಗೆಗೆ ತಂದ ಬೂಟು, ಮುಳ್ಳು ಸರಪಳಿ, ಜಾಕೆಟ್ಟುಗಳನ್ನು ಮಣ್ಣು ತೊಳೆದು, ತರುವಾಗ ತೆಗೆದ ಫೋಟೊ ತೋರಿಸಿ ಹಿಂದಿರುಗಿಸಿ. ಮುಂಗಡ ಹಣ ಕಡಿತವಾಗುವುದು ಹಳೆಯ ಹರಕಿನ ಹೆಸರಲ್ಲೇ. ಅರ್ಧ ಉಳಿದ ಗ್ಯಾಸ್ ಡಬ್ಬಿಯನ್ನೂ ಅಲ್ಲೇ ಕೊಟ್ಟುಬಿಡಿ. ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಬ್ಯಾಗಿನಲ್ಲೂ ಬಿಡುವುದಿಲ್ಲ; ರೈಲಿನಲ್ಲೂ ಒಯ್ಯುವಂತಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಕೋಲು ಮತ್ತು ಚಾಕು ದೊಡ್ಡ ಬ್ಯಾಗಿನಲ್ಲಿ.

ವಾಪಸ್ ಟಿಕೆಟ್ ಮಾಡುವಾಗ ಮನಾಲಿ ತಲುಪುವ ದಿನಕ್ಕೂ ದೆಹಲಿ ಬಿಡುವ ದಿನಕ್ಕೂ ನಡುವೆ ಒಂದು ಇಡೀ ದಿನ ಖಾಲಿ ಇಡಿ. ಮನಾಲಿಯಿಂದ ದೆಹಲಿ 530 ಕಿಲೋಮೀಟರಿಗೂ ಹೆಚ್ಚು, ಬಸ್ಸಿಗೆ 12ರಿಂದ 14 ಗಂಟೆ. ಜುಲೈ, ಆಗಸ್ಟ್‌ನಲ್ಲಿ ಮಂಡಿಯ ಆಸುಪಾಸು ಗುಡ್ಡ ಕುಸಿದರೆ ಆ ಲೆಕ್ಕವೂ ಇಲ್ಲ. ಆ ಖಾಲಿ ದಿನ ಬಳಕೆಯಾಗದಿದ್ದರೆ ನಿದ್ದೆ ಮಾಡಿ.

ಮನೆಗೆ ಬಂದ ಮೇಲೆ

ಬ್ಯಾಗನ್ನು ಮಂಚದ ಕೆಳಗೆ ತಳ್ಳಿ ಆಫೀಸಿಗೆ ಓಡಿದರೆ ಮುಂದಿನ ವರ್ಷ ಟೆಂಟು ಬಿಚ್ಚಿದಾಗ ಅಂಟಂಟು, ಹುಳಿ ವಾಸನೆ. ತೇವದಲ್ಲಿ ಉಳಿದ ಬಟ್ಟೆಯ ಮೇಲಿನ ಪಾಲಿಯುರೆಥೇನ್ ಲೇಪ ಕೊಳೆತು ಹಾಗಾಗುತ್ತದೆ, ಆಮೇಲೆ ಸರಿಪಡಿಸುವುದು ಕಷ್ಟ. ನಾವು ಬರುವುದೇ ಮಳೆಗಾಲದಲ್ಲಿ. ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಬಾಲ್ಕನಿಯಲ್ಲಿ ಹಾಕಿದರೆ ಇನ್ನಷ್ಟು ಒದ್ದೆ. ಕೋಣೆಯೊಳಗೆ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಎರಡು ದಿನ ಬಿಡಿ, ಮಧ್ಯೆ ಒಂದು ಸಲ ಮಗುಚಿ. ಹೊಲಿಗೆ ಮತ್ತು ಗೂಟದ ಪಟ್ಟಿಗಳನ್ನು ಕೈಯಿಂದ ಮುಟ್ಟಿ ನೋಡಿ, ಕೊನೆಗೆ ಒಣಗುವುದು ಅವೇ. ಛತ್ರುವಿನ ಗಾಳಿಯ ಮರಳು ಜಿಪ್ಪಿನ ಹಲ್ಲಿನಲ್ಲಿ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ ಮೇಲೆ ಉಜ್ಜಿ.

ಸ್ಲೀಪಿಂಗ್ ಬ್ಯಾಗನ್ನು ಅದರ ಚಿಕ್ಕ ಚೀಲಕ್ಕೆ ಮತ್ತೆ ತುರುಕಬೇಡಿ. ತಿಂಗಳುಗಟ್ಟಲೆ ಒತ್ತಿಕೊಂಡಿದ್ದರೆ ಒಳಗಿನ ತುಂಬು ಉಬ್ಬುವುದನ್ನು ಮರೆಯುತ್ತದೆ, ಉಬ್ಬದಿದ್ದರೆ ಬಿಸಿ ಹಿಡಿಯುವುದಿಲ್ಲ. ದೊಡ್ಡ ದಿಂಬಿನ ಹಳೆ ಕವರಿನಲ್ಲಿ ಸಡಿಲವಾಗಿ ತುಂಬಿ ಅಟ್ಟದ ಮೇಲಿಡಿ. ಬೂಟಿನ ಒಳ ಅಟ್ಟೆ ತೆಗೆದು, ದಿನಪತ್ರಿಕೆ ಉಂಡೆ ಮಾಡಿ ತುಂಬಿ, ದಿನಕ್ಕೆರಡು ಸಲ ಬದಲಿಸಿ. ಬಿಸಿಲಿಗೋ ಗೀಸರಿನ ಪಕ್ಕಕ್ಕೋ ಇಟ್ಟರೆ ಅಡಿಯ ಅಂಟು ಬಿಡುತ್ತದೆ. ತಲೆದೀಪದ ಸೆಲ್ ತೆಗೆದಿಡಿ.

ಬೆಟ್ಟ ಇಳಿದ ಎರಡನೇ ದಿನ ತೊಡೆಯ ನೋವು ಹೆಚ್ಚಾಗುವುದು ಸಹಜ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತದೆ, ನಾಲ್ಕೈದು ದಿನದಲ್ಲಿ ಹೋಗುತ್ತದೆ. ಮೊಣಕಾಲು ಊದಿಕೊಂಡಿದ್ದರೆ, ಮಡಚುವಾಗ ಸಿಕ್ಕಿಹಾಕಿಕೊಂಡ ಹಾಗಾದರೆ ಮೂಳೆ ವೈದ್ಯರಿಗೆ ತೋರಿಸಿ.

ಸಾಮಾನು ಒಳಗಿಡುವ ಮುಂಚೆ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಟೆಂಟಿನ ಚೀಲದೊಳಗೆ ಹಾಕಿ: ಐದು ದಿನವೂ ಬ್ಯಾಗಿನಿಂದ ಹೊರಗೇ ಬರದ ವಸ್ತು ಯಾವುದು, ಪಕ್ಕದವರಿಂದ ಕಡ ತಂದ ವಸ್ತು ಯಾವುದು. ಗೂಟ ಒಂದು ಕಡಿಮೆ ಬಂದಿದ್ದರೆ ಅದನ್ನೂ ಅದೇ ಚೀಟಿಯಲ್ಲಿ ಬರೆಯಿರಿ.